ವಧೂವೇಷವೂ ಲಜ್ಜೆಯ ವ್ಯಾಪಾರವೂ

ಬಸವಪ್ಪಶಾಸ್ತ್ರಿಗಳ ಅನುವಾದದಿಂದ ಕನ್ನಡಿಗರಿಗೆ ಆಪ್ತವಾದ ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಪತಿಗೃಹಕ್ಕೆ ಹೊರಟ ಶಕುಂತಲೆಗೆ ಆಶ್ರಮದ ತರುಗಳು ಬೆಳ್ದಿಂಗಳಂತಹ ದುಕೂಲವನ್ನೂ ಅರಗಿನ ರಸವನ್ನೂ ಒಡವೆಗಳನ್ನೂ ನೀಡುವುವು. ಸಖಿಯರು ಒಡವೆ ತೊಟ್ಟವರಲ್ಲ; ಚಿತ್ರಗಳಲ್ಲಿ ಕಂಡ ಪರಿಚಯದಿಂದ ಅವಳನ್ನು ಅಲಂಕರಿಸುವರು. ಹೀಗೆ ಹೆಣ್ಣಿನ ಶೃಂಗಾರವನ್ನು ಚಿತ್ರ ನೋಡಿ ಕಲಿಯುವುದು ಹೊಸ ರೂಢಿಯಲ್ಲ. ಚಿತ್ರವನ್ನು ಮಾಡಿಸುವವನೇ ವಸ್ತ್ರಾಭರಣಗಳನ್ನು ಮಾರುವವನೂ ಆಗಿರುವುದು ಮಾತ್ರ ಹೊಸತು.

೨೦೨೧ನೆಯ ಅಕ್ಟೋಬರಿನಲ್ಲಿ ಸಬ್ಯಸಾಚಿ ಮುಖರ್ಜಿಯವರ ಸಂಸ್ಥೆಯು ಅಂತರ್ಜಾಲದಲ್ಲಿ ಹೊರಡಿಸಿದ ಮಂಗಳಸೂತ್ರದ ಜಾಹೀರಾತು ಇದಕ್ಕೆ ನಿದರ್ಶನ. ಒಳಉಡುಪಿನ ಸ್ತ್ರೀಯೊಬ್ಬಳು ತಾಳಿ ಧರಿಸಿ ಪುರುಷನಿಗೊರಗಿದ್ದ ಚಿತ್ರ ದೊಡ್ಡ ಕೋಲಾಹಲವನ್ನೆಬ್ಬಿಸಿತು. ಆಗ ಮಧ್ಯಪ್ರದೇಶದ ಗೃಹಮಂತ್ರಿಗಳಾಗಿದ್ದ ನರೋತ್ತಮ ಮಿಶ್ರರು ೨೪ ಗಂಟೆಗಳ ಗಡುವನ್ನು ವಿಧಿಸಿದರು. ಸಂಸ್ಥೆಯು ವಿಷಾದ ಸೂಚಿಸಿ ಚಿತ್ರಗಳನ್ನು ಹಿಂತೆಗೆದುಕೊಂಡಿತು.

ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ತಾಳಿಯನ್ನು ಕಣ್ಣಿಗೊತ್ತಿಕೊಳ್ಳುವವರಿಗೆ ಅದು ಶಯ್ಯಾಗೃಹದ ಅಲಂಕಾರವಾಗಿ ಕಂಡರೆ ನೋಯುವುದು ಸಹಜ. ಆದರೆ ಇದೇ ಸಂಸ್ಥೆಗೆ ಕೀರ್ತಿ ತಂದುದು ಕೆಂಪು ವಸ್ತ್ರದ, ತಲೆಯ ಮೇಲೆ ಸೆರಗಿನ, ದೃಷ್ಟಿ ತಗ್ಗಿಸಿದ ವಧುವಿನ ಚಿತ್ರ. ಅದನ್ನು ಯಾರೂ ಹಳಿಯಲಿಲ್ಲ. ಅಲ್ಲಿ ಲಜ್ಜೆಯೂ ಸರಕೇ ಆಗಿದೆಯೆಂಬುದು ಗಮನಕ್ಕೆ ಬರಲಿಲ್ಲ. ಒಂದು ಚಿತ್ರದಲ್ಲಿ ಹೆಣ್ಣು ಲೆಹೆಂಗವನ್ನು ತೂಗುಹಾಕುವ ಗೂಟ. ಇನ್ನೊಂದರಲ್ಲಿ ತಾಳಿಯನ್ನು ತೂಗುಹಾಕುವ ಗೂಟ. ಬಟ್ಟೆಯ ಅಳತೆ ಬದಲಾಯಿತಲ್ಲದೆ ನೋಡುವ ಬಗೆ ಬದಲಾಗಲಿಲ್ಲ.

ಕವಿಯ ದೃಷ್ಟಿ ಬೇರೆ. ಐದನೆಯ ಅಂಕದಲ್ಲಿ ಶಕುಂತಲೆ ಮುಸುಕು ಹಾಕಿಕೊಂಡೇ ರಾಜಸಭೆಯನ್ನು ಪ್ರವೇಶಿಸುವಳು. ದೊರೆ ಗುರುತಿಸಲೆಂದು ಗೌತಮಿಯೇ ಆ ಮುಸುಕನ್ನು ಸರಿಸುವಳು. ಶಾಪದ ಮರೆವಿಗೆ ಸಿಕ್ಕಿದ ದುಷ್ಯಂತನು ರೂಪವನ್ನು ಕಂಡು ಬೆರಗಾದರೂ ಅವಳನ್ನು ಅರಿಯಲಾರನು. ನಿರಾಕೃತಳಾದ ಶಕುಂತಲೆ ಅವನನ್ನು ಬಿರುನುಡಿಗಳಿಂದ ಜರೆಯುವಳು. ಮುಸುಕು ಸರಿದುದರಿಂದ ಅವಳ ಮಾನ ಹೋಗಲಿಲ್ಲ. ಬಾಯ್ದೆರೆದುದರಿಂದ ಲಜ್ಜೆಯೂ ಅಳಿಯಲಿಲ್ಲ. ಲಜ್ಜೆಯು ಅವಳ ಸ್ವಂತ ಭಾವ. ಅದನ್ನು ಇನ್ನೊಬ್ಬರು ಉಡಿಸಲಾರರು, ಬಿಡಿಸಲಾರರು. ಜಾಹೀರಾತು ಮುಟ್ಟಲಾರದ ಎಡೆ ಇದೇ.

೨೦೧೮ರ ನವೆಂಬರಿನಲ್ಲಿ ಇಟಲಿಯ ಕೋಮೊ ಸರೋವರದ ಬಳಿ ನಡೆದ ದೀಪಿಕಾ ಪಡುಕೋಣೆಯವರ ವಿವಾಹದ ಪ್ರಸಂಗವೂ ಇಲ್ಲಿ ಸ್ಮರಣೀಯ. ಕೊಂಕಣಿ ವಿಧಿಯಲ್ಲಿ ಅವರು ಉಟ್ಟ ಸೀರೆ ಸಬ್ಯಸಾಚಿಯವರದೆಂದು ಮೊದಲು ಪ್ರಚಾರವಾಯಿತು. ಅದು ಬೆಂಗಳೂರಿನ ಅಂಗಡಿ ಮನೆತನದವರ ಮಳಿಗೆಯಿಂದ ತಾಯಿ ತಂದುಕೊಟ್ಟುದೆಂದು ಬಳಿಕ ಅವರೇ ಸ್ಪಷ್ಟಪಡಿಸಿದರು. ಮಗಳಿಗೆ ತಾಯಿ ಕೊಟ್ಟ ಉಡುಗೊರೆಯು ಜಗತ್ತಿಗೆ ಮೊದಲು ಕಂಡುದು ವ್ಯಾಪಾರದ ಮುದ್ರೆಯೊಡನೆ!

ಚಿತ್ರಗಳು ಹಿಂದೆ ಸರಿದರೂ ಅವುಗಳ ಪ್ರಭಾವ ಮನೆಗಳಲ್ಲಿ ಉಳಿದಿದೆ. ಜಾಹೀರಾತಿನ ಮಾದರಿಯ ರವಕೆಯೇ ಬೇಕೆಂದು ಒಬ್ಬರು. ಬೆನ್ನು ಕಾಣಬಾರದೆಂದು ಬೀಗರು. ನಡುವೆ ಸಾಲ ಮಾಡುವ ತಂದೆ. ಹಸೆಮಣೆಯ ಮೇಲೆ ಕೂರತಕ್ಕವಳ ಇಷ್ಟವನ್ನು ಮಾತ್ರ ಕೇಳುವವರು ವಿರಳ. ಹೊದಿಸುವವರೂ ತೆರೆಯುವವರೂ ಅವಳನ್ನು ಕೇಳದೆ ನಿರ್ಣಯಿಸುವವರೆಗೆ, ಅವರ ಜಗಳವು ಮರ್ಯಾದೆಯ ವಿಷಯವಾದುದಲ್ಲ, ಒಡೆತನದ ವಿಷಯವಾದುದು. ಮುಸುಕು ಸರಿಸುವ ಮುನ್ನ ಗೌತಮಿಯಾದರೂ ಶಕುಂತಲೆಯನ್ನು ಮಗಳೆಂದು ಕರೆದು ಮಾತನಾಡಿಸಿದ್ದಳು.