ಎರಡನೇ ಪುಸ್ತಕ ಯಾರಿಗೆ?

ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಒಂದು ಸಂಗತಿ ಹೇಳುತ್ತಾರೆ. ಪಠ್ಯಪುಸ್ತಕಗಳನ್ನು ಮನೆಯವರೇ ಕೊಳ್ಳಬೇಕಿದ್ದ ಒಂದು ಕಡೆ, ಏಷ್ಯಾದಿಂದ ವಲಸೆ ಬಂದ ಕೆಲವು ಕುಟುಂಬಗಳು ಪ್ರತಿ ಪುಸ್ತಕದ ಎರಡೆರಡು ಪ್ರತಿ ಕೊಂಡವಂತೆ. ಎರಡನೆಯದು ಅಮ್ಮನಿಗೆ, ತಾನು ಓದಿಕೊಂಡು ಮಗುವಿಗೆ ಹೇಳಿಕೊಡೋದಕ್ಕೆ. ಮನೆಯೊಳಗಿನ ಇಂಥ ಸಂಬಂಧವನ್ನೇ ಕೋಲ್ಮನ್ 'ಸಾಮಾಜಿಕ ಬಂಡವಾಳ' ಎಂದರು.

ಓದಿದಾಗ ನಿಮಗೂ ಖುಷಿಯಾಗುತ್ತೆ, ನನಗೂ ಆಯ್ತು. ಆದರೆ ಆ ಜಾಗದಲ್ಲಿ ಮುಂಬೈಯ ಚಾಳಿನ ಒಬ್ಬ ಬ್ಯಾರಿ ತಾಯಿಯನ್ನು ಕೂರಿಸಿ ನೋಡಿ. ಮನೆಮಾತು ಬ್ಯಾರಿ, ಊರಲ್ಲಿ ಓದಿದ್ದು ಕನ್ನಡ, ಮಗನ ಪುಸ್ತಕ ಮರಾಠಿ ಇಲ್ಲವೇ ಇಂಗ್ಲಿಷ್. ಆಕೆ ಎರಡಲ್ಲ, ನಾಲ್ಕು ಪ್ರತಿ ಕೊಂಡರೂ ಏನು ಮಾಡ್ತಾಳೆ? ಅಕ್ಕರೆ ಕಮ್ಮಿ ಇದೆಯಾ?

ಕೋಲ್ಮನ್ ಅವರ ಅಂಕಿಗಳಲ್ಲಿ ಸರಕಾರಿ ಹೈಸ್ಕೂಲು ಬಿಟ್ಟವರು ಶೇಕಡಾ 14.4, ಕ್ಯಾಥೊಲಿಕ್ ಶಾಲೆಗಳಲ್ಲಿ ಬರೀ 3.4. ಕಾರಣ, ಚರ್ಚಿನ ಸುತ್ತ ಪೋಷಕರು ಒಬ್ಬರನ್ನೊಬ್ಬರು ಬಲ್ಲರು, ಎಲ್ಲರ ಮಕ್ಕಳ ಮೇಲೂ ಎಲ್ಲರ ಕಣ್ಣು. ಸರಿ, ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಜಮಾಅತ್ತು, ಮೊಹಲ್ಲಾ ಅಂದರೇನು ಮತ್ತೆ? ಮಗ ಬೀದಿಯ ಆ ತುದಿಯಲ್ಲಿ ಬೀಡಿ ಹಚ್ಚಿದರೆ ಈ ತುದಿಯಲ್ಲಿರುವ ಅಮ್ಮನಿಗೆ ವಾಸನೆ ಬರುತ್ತೆ! ಆದರೂ 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 64.8 ಇದ್ದಾಗ ಮುಸ್ಲಿಮರದ್ದು 59.1. ಅಂದರೆ ಕೊರತೆ ಇರೋದು ಒಗ್ಗಟ್ಟಿನಲ್ಲಿ ಅಲ್ಲ. ಎಲ್ಲರೂ ಎಲ್ಲರಿಗೂ ಗೊತ್ತು, ಆದರೆ ಆ 'ಎಲ್ಲರಲ್ಲಿ' ಕಾಲೇಜು ಸೀಟಿನ ದಾರಿ ಬಲ್ಲವರೆಷ್ಟು? ಫ್ರಾನ್ಸಿನ ಬೋರ್ದಿಯೊ ಈ ಪರಿಕಲ್ಪನೆಯನ್ನು ಹೀಗೇ ನೋಡಿದ್ದರು: ಪರಿಚಯಕ್ಕೆ ಬೆಲೆ ಬರೋದು ಪರಿಚಯದವರ ಕೈಯಲ್ಲಿ ಏನಿದೆ ಎಂಬುದರಿಂದ. ಕೋಲ್ಮನ್‌ಗೆ ಇದು ಅಷ್ಟಾಗಿ ಕಾಣಲಿಲ್ಲ. ಪದೇ ಪದೇ ಊರು ಬದಲಿಸುವುದನ್ನೂ ಅವರು ಕೊರತೆಯ ಲೆಕ್ಕಕ್ಕೇ ಬರೆದರು. ಹೊಟ್ಟೆಪಾಡಿಗೆ ಊರು ಬಿಟ್ಟ ನಮ್ಮಂಥವರಿಗೆ ಇದು ಚುಚ್ಚುತ್ತೆ.

ಮುಸ್ಲಿಂ ಪೋಷಕರಿಗೆ ಮದರಸಾವೇ ಸಾಕು ಎಂಬ ಮಾತೂ ಇದೇ ದೃಷ್ಟಿಯ ಸೋದರ: ತಪ್ಪು ಮನೆಯದು, ಶಾಲೆಯದಲ್ಲ. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು ಸುಮಾರು ಶೇಕಡಾ 3 ಮಾತ್ರ ಎಂದು 2006ರಲ್ಲೇ ಸಾಚಾರ್ ವರದಿ ತೋರಿಸಿತು. ಮಾತು ಮಾತ್ರ ನಿಂತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಸಭೆ ಕೆಲಸದ ದಿನ ಹಗಲಲ್ಲಿಟ್ಟರೆ ದಿನಗೂಲಿಯ ಅಪ್ಪ ಒಂದು ದಿನದ ಸಂಬಳ ಬಿಟ್ಟು ಬರಬೇಕು. ಬಾರದಿದ್ದರೆ, 'ಇವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲ' ಎಂದು ಇನ್ನೊಬ್ಬ ಸಂಶೋಧಕರು ಬರೆದುಕೊಂಡು ಹೋಗುತ್ತಾರೆ.