ಮೂಡಣ ದೇಶದ ಜೋಯಿಸರು: ಮೂಲವಚನ ಮತ್ತು ಐತಿಹ್ಯ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಇತಿಹಾಸವನ್ನು ಬೋಧಿಸುವವರು ಆಧಾರವಿಮರ್ಶೆಯ ಮೊದಲ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನು ತಾನು ಕ್ರಿ. ಶ. ೯೪೯ಕ್ಕೆ ಸರಿಹೊಂದುವ ಸೌಮ್ಯ ಸಂವತ್ಸರದಲ್ಲಿ ಬಳೆಗಾರ ಕುಲದಲ್ಲಿ ಹುಟ್ಟಿದುದನ್ನೂ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆಯರ ಹೆಸರುಗಳನ್ನೂ ೯೯೩ರ ಅಜಿತಪುರಾಣದಲ್ಲಿ ತಾನೇ ತಿಳಿಸಿದ್ದಾನೆ. ಪಂಪ, ಪೊನ್ನ, ರನ್ನರು ಮೂವರು ರತ್ನಗಳೆಂಬ ಎಣಿಕೆಯೂ ಅವನದೇ. ಹೆಸರು, ಕುಲ, ಸಂಖ್ಯೆ ಮೂರೂ ಇಲ್ಲಿ ಮೂಲಗ್ರಂಥದಲ್ಲಿಯೇ ಇವೆ. ಈ ಮೂರೂ ಮೂಲದಲ್ಲಿ ಇಲ್ಲದಿದ್ದರೂ ಲೋಕವು ಅವನ್ನು ಬಲ್ಲೆನೆಂದು ನಂಬಿರುವ ಪ್ರಸಂಗವೊಂದುಂಟು. ಕ್ರಿಸ್ತಜನನದ ಕಥೆಯ ‘ಮೂವರು ಜ್ಞಾನಿಗಳ’ ಪ್ರಸಂಗವೇ ಅದು.

ಸುವಾರ್ತೆಗಳಲ್ಲಿ ಮತ್ತಾಯನ ಎರಡನೆಯ ಅಧ್ಯಾಯವೊಂದೇ ಇದಕ್ಕೆ ಆಧಾರ. ಲೂಕನಲ್ಲಿ ಕುರುಬರು ಬರುತ್ತಾರೆ, ಇವರಿಲ್ಲ. ಮೂಡಲಿಂದ ಬಂದವರು, ನಕ್ಷತ್ರವನ್ನು ಕಂಡವರು, ಹೆರೋದನ ಊರಿನಲ್ಲಿ ವಿಚಾರಿಸಿದವರು, ಮನೆಯನ್ನು ಹೊಕ್ಕು ಚಿನ್ನ, ಧೂಪ, ರಕ್ತಬೋಳಗಳನ್ನು ಅರ್ಪಿಸಿದವರು, ಬೇರೆ ದಾರಿಯಿಂದ ಹಿಂದಿರುಗಿದವರು: ಮತ್ತಾಯನು ಹೇಳುವುದು ಇಷ್ಟನ್ನೇ. ಅವರು ಎಷ್ಟು ಮಂದಿ, ಹೆಸರೇನು, ಅರಸರೇ ಅಲ್ಲವೇ ಎಂಬ ವಿಷಯದಲ್ಲಿ ಅವನು ಮೌನಿ. ಚಿತ್ರಗಳಲ್ಲಿ ನಾವು ಕಾಣುವ ಒಂಟೆಗಳೂ ಅಲ್ಲಿಲ್ಲ.

ಮೂಲದ ಗ್ರೀಕ್ ಶಬ್ದ ‘ಮಾಗೋಯ್’. ಅದು ಪ್ರಾಚೀನ ಇರಾನದ ಪುರೋಹಿತವರ್ಗದ ಹೆಸರು. ಗ್ರೀಕರಲ್ಲಿ ಅದಕ್ಕೆ ನಕ್ಷತ್ರಜ್ಞ, ಮಾಂತ್ರಿಕ ಎಂಬ ಅರ್ಥಗಳೂ ಸೇರಿದುವು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಸೂರ್ಯಪ್ರತಿಷ್ಠೆಗೆ ‘ಮಗ’ರನ್ನು ವಿಧಿಸಿರುವುದನ್ನು ನೆನೆದರೆ ಈ ಹೆಸರು ನಮಗೆ ತೀರ ಪರಕೀಯವಲ್ಲ. ಕನ್ನಡ ಸತ್ಯವೇದದ ಹಳೆಯ ಭಾಷಾಂತರವು ಇವರನ್ನು ‘ಜೋಯಿಸರು’ ಎಂದಿತು. ‘ಜ್ಞಾನಿಗಳು’ ಎಂಬುದೂ ಬಳಕೆಯಲ್ಲಿದೆ. ನಮ್ಮ ಮತದಲ್ಲಿ ಹಳೆಯದೇ ಮೇಲು. ‘ಜ್ಯೋತಿಷ’ದಿಂದ ಬಂದ ಆ ತದ್ಭವವು ನಕ್ಷತ್ರವನ್ನು ನೋಡಿ ಹೊರಟವರ ವೃತ್ತಿಯನ್ನು ತಿಳಿಸುತ್ತದೆ; ‘ಜ್ಞಾನಿ’ ಎಂಬುದು ವೃತ್ತಿಯನ್ನು ಮರೆಸಿ ಗುಣವನ್ನು ಹೊಗಳುತ್ತದೆ. ಆದರೆ ‘ಜೋಯಿಸ’ ಎಂದೊಡನೆ ಪಂಚಾಂಗ ಹಿಡಿದ ನಮ್ಮೂರಿನವನು ಕಣ್ಮುಂದೆ ಬಂದು ಇರಾನದ ಪುರೋಹಿತನು ಮರೆಯಾಗುತ್ತಾನೆಂಬುದನ್ನೂ ಒಪ್ಪಬೇಕು.

ಮೂಲದ ಮೌನವನ್ನು ಐತಿಹ್ಯವು ಪದರಪದರವಾಗಿ ತುಂಬಿತು. ಕಾಣಿಕೆಗಳು ಮೂರಾದುದರಿಂದ ತಂದವರೂ ಮೂವರಾದರು. ೩ನೆಯ ಶತಮಾನದ ಒರಿಗೆನನಲ್ಲಿ ಈ ಸಂಖ್ಯೆಯು ತೋರುತ್ತದೆ. ಆದರೂ ರೋಮಿನ ನೆಲಮಾಳಿಗೆಯ ಸಮಾಧಿಚಿತ್ರಗಳಲ್ಲಿ ಒಂದೆಡೆ ಇಬ್ಬರು, ಇನ್ನೊಂದೆಡೆ ನಾಲ್ವರು ಇದ್ದಾರೆ. ಸಿರಿಯಾಕ್ ಪರಂಪರೆಯಲ್ಲಿ ಹನ್ನೆರಡು ಮಂದಿ. ಅರಸರು ಕಾಣಿಕೆ ತರುವರೆಂಬ ೭೨ನೆಯ ಕೀರ್ತನೆಯನ್ನೂ ಯೆಶಾಯನ ೬೦ನೆಯ ಅಧ್ಯಾಯವನ್ನೂ ಈ ಪ್ರಸಂಗಕ್ಕೆ ಹೊಂದಿಸಿದುದರಿಂದ ಅವರಿಗೆ ಕಿರೀಟ ಬಂದಿತು. ರಾವೆನ್ನಾದ ೬ನೆಯ ಶತಮಾನದ ಕುಸುರಿಚಿತ್ರದಲ್ಲಿ ಅವರದು ಇನ್ನೂ ಪಾರಸಿಕರ ಉಡುಪು. ಗಾಸ್ಪರ್, ಮೆಲ್ಕಿಯೋರ್, ಬಲ್ತಸಾರ್ ಎಂಬ ಹೆಸರುಗಳ ಪೂರ್ವರೂಪಗಳು ಸುಮಾರು ೫೦೦ರ ಗ್ರೀಕ್ ಮೂಲದಿಂದ ಇಳಿದ ಲ್ಯಾಟಿನ್ ಕಾಲಾನುಚರಿತೆಯೊಂದರಲ್ಲಿವೆ. ೧೧೬೪ರಲ್ಲಿ ಅವರವೆಂದು ನಂಬಲಾದ ಅಸ್ಥಿಗಳು ಮಿಲಾನಿನಿಂದ ಕೊಲೋನಿಗೆ ಹೋದುವು.

ಇವುಗಳಲ್ಲಿ ನಮ್ಮನ್ನು ಹೆಚ್ಚು ಸೆಳೆಯುವ ಮಾತೆಂದರೆ, ಗಾಸ್ಪರನು ವಾಯವ್ಯ ಭಾರತದ ಅರಸ ಗೊಂಡೊಫರ್ನೀಸನೇ ಎಂಬುದು. ಈ ಅಭಿಪ್ರಾಯವು ನಾಮಸಾದೃಶ್ಯವನ್ನು ಅವಲಂಬಿಸಿದೆ. ಕಾಲಗಣನೆಯು ಅದಕ್ಕೆ ಅನುಕೂಲವಾಗಿಲ್ಲ. ತಖ್ತ್-ಇ-ಬಾಹಿಯ ಶಾಸನವನ್ನು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವ ರೀತಿಯಲ್ಲಿ ಅವನ ಆಳ್ವಿಕೆಯು ಸುಮಾರು ಕ್ರಿ. ಶ. ೨೦ರಲ್ಲಿ ತೊಡಗುತ್ತದೆ. ಹೆರೋದನಾದರೋ ಕ್ರಿ. ಪೂ. ೪ರಲ್ಲಿಯೇ ತೀರಿಕೊಂಡನೆಂದು ಹೆಚ್ಚಿನವರ ಎಣಿಕೆ. ಹೆಸರೇ ಐದು ಶತಮಾನಗಳ ಅನಂತರ ಕಾಣಿಸಿಕೊಂಡಿರುವಾಗ, ಆ ಹೆಸರಿನ ಆಧಾರದಿಂದ ವ್ಯಕ್ತಿಯನ್ನು ಗುರುತಿಸುವುದು ನೆರಳನ್ನು ಅಳೆದು ಮರವನ್ನು ನೆಟ್ಟಂತೆ. ದೇಶಾಭಿಮಾನವು ಸಾಕ್ಷ್ಯದ ಸ್ಥಾನವನ್ನು ತುಂಬಲಾರದು.

ಹಾಗೆಂದು ಐತಿಹ್ಯವು ತ್ಯಾಜ್ಯವಲ್ಲ. ಬೇತ್ಲೆಹೇಮಿನಲ್ಲಿ ಏನು ನಡೆಯಿತೆಂಬುದಕ್ಕೆ ಅದು ಸಾಕ್ಷಿಯಾಗದಿದ್ದರೂ, ರಾವೆನ್ನಾ ಕೊಲೋನುಗಳ ಜನ ಏನನ್ನು ನಂಬಿದ್ದರೆಂಬುದಕ್ಕೆ ಪ್ರಬಲ ಸಾಕ್ಷಿ. ಯಾವ ಮಾತು ಯಾವ ಕಾಲದ್ದೆಂದು ಬೇರ್ಪಡಿಸುವುದಷ್ಟೇ ನಮ್ಮ ಕೆಲಸ. ರನ್ನನ ಊರಿನ ವಿದ್ಯಾರ್ಥಿಗಳಿಗೆ ಮಾತನಾಡುವ ಮೂಲದ ಪರಿಚಯ ಮೊದಲೇ ಇದೆ. ಮೂಲವು ಸುಮ್ಮನಿರುವಲ್ಲಿ ತಾವೂ ಸುಮ್ಮನಿರುವುದನ್ನು ಅವರು ಈ ಜೋಯಿಸರಿಂದ ಕಲಿಯಬಹುದು.