ಶಂಬೂಕನಾಮ ವಿಚಾರ

ವಸ್ತುವನ್ನು ನೋಡಿದ ರೀತಿಯು ಅದರ ಹೆಸರಿನಲ್ಲಿ ಅಡಗಿರುವುದುಂಟು. ಹೆಸರನ್ನು ಮಾತ್ರ ಭಾಷಾಂತರಿಸಿ ನೋಡಿದ ರೀತಿಯನ್ನು ಬಿಟ್ಟರೆ ಅರ್ಥವು ತಲೆಕೆಳಗಾಗುವುದು. ಇದಕ್ಕೆ ನಿದರ್ಶನವಾಗಿ ಒಂದು ಶಂಬೂಕದ, ಎಂದರೆ ಬಸವನಹುಳುವಿನ, ನಾಮಲಕ್ಷಣಗಳನ್ನು ಇಲ್ಲಿ ಪರಿಶೀಲಿಸುವೆವು.

ಬೀದರ ಪಟ್ಟಣವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅದರ ಅಡಿಯಲ್ಲಿಯೂ, ಭಾಲ್ಕಿ ಔರಾದಗಳ ಕರಿನೆಲದ ಅಡಿಯಲ್ಲಿಯೂ ಹರಡಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾಶಿಲೆ. ಇದೇ ಶಿಲಾರಾಶಿಯ ಪೂರ್ವಭಾಗದಲ್ಲಿ, ಹೈದರಾಬಾದು ನಾಗಪುರಗಳ ನಡುವಣ ಸೀಮೆಯಲ್ಲಿ, ಪದರಗಳ ಮಧ್ಯೆ ದೊರೆತ ಶಿಲೀಭೂತ ಚಿಪ್ಪುಗಳನ್ನು ಮಾಲ್ಕಂಸನ್ ಎಂಬ ವಿದ್ವಾಂಸನು ವರ್ಣಿಸಿದನು. ಅವುಗಳಲ್ಲೊಂದಕ್ಕೆ ಸೋವರ್ಬಿಯು 1840ರಲ್ಲಿ ‘ಫೈಸಾ ಪ್ರಿನ್ಸೆಪಿಯೈ’ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ‘ಫೈಸಾ’ ಎಂದರೆ ತಿದಿ. ಉತ್ತರಪದವು ಲ್ಯಾಟಿನಿನ ಷಷ್ಠೀವಿಭಕ್ತಿ, ‘ಪ್ರಿನ್ಸೆಪನ’ ಎಂದರ್ಥ. ಬ್ರಾಹ್ಮೀಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪನೇ ಈತನು. ಮುಂದೆ ವರ್ಗೀಕರಣವು ಬದಲಾಗಿ ಈ ಜಾತಿಯು ‘ಪ್ಲಾಟಿಫೈಸಾ’ ಗಣಕ್ಕೆ ಸೇರಿತು; ಪೂರ್ವಪದವು ಹೋದರೂ ಷಷ್ಠ್ಯಂತವು ಉಳಿಯಿತು. ಇಂತಹ ಚಿಪ್ಪುಗಳು ಸಿಹಿನೀರಿನವೆಂದು ನಿರ್ಣಯವಾದುದರಿಂದ, ಅಲ್ಲಿ ಲಾವಾಪ್ರವಾಹಗಳ ನಡುವಣ ಕಾಲದಲ್ಲಿ ಸರೋವರಗಳಿದ್ದುವೆಂದು ತಿಳಿದುಬಂದಿತು. ಹುಳು ಸಣ್ಣದಾದರೂ ಅದರ ವರ್ಗನಿರ್ಣಯವು ಸಣ್ಣದಲ್ಲ.

ಈ ಚಿಪ್ಪಿನ ಮುಖ್ಯಲಕ್ಷಣವು ಸುರುಳಿಯ ದಿಕ್ಕು. ಶಿಖರವನ್ನು ಮೇಲೆ ಮಾಡಿ, ಬಾಯಿಯನ್ನು ನಮ್ಮೆಡೆಗೆ ತಿರುಗಿಸಿ ಹಿಡಿದರೆ ಬಾಯಿಯು ಎಡಕ್ಕೆ ಬೀಳುವುದು. ಇದನ್ನು ಹೇಳುವ ‘ಸಿನಿಸ್ಟ್ರಲ್’ ಎಂಬ ಪರಿಭಾಷೆಗೆ ‘ವಾಮಾವರ್ತ’ವೆಂಬ ಶಬ್ದವು ಅನುವಾದಕನಿಗೆ ಮೊದಲು ಹೊಳೆಯತಕ್ಕದ್ದು. ಆದರೆ ಅದು ನಿರ್ದುಷ್ಟವಲ್ಲ.

ದೇವಪೂಜೆಯ ಶಂಖವನ್ನು ನೋಡಿರಿ. ಅದು ಕಡಲಿನ ಜೀವಿ; ಲಿನ್ನೇಯಸನು 1767ರಲ್ಲಿ ‘ವೊಲ್ಯೂಟಾ ಪೈರಮ್’ ಎಂದು ಕರೆದುದು, ಈಗ ‘ಟರ್ಬಿನೆಲ್ಲಾ ಪೈರಮ್’ ಎನಿಸಿರುವುದು. ನಮ್ಮ ಸಂಪ್ರದಾಯವು ಅದನ್ನು ಶಿಖರವು ಕೆಳಗಾಗುವಂತೆ ಹಿಡಿಯುವುದು. ಆದುದರಿಂದ ಸಾಮಾನ್ಯಶಂಖವು ನಮಗೆ ವಾಮಾವರ್ತ, ಪ್ರಾಣಿಶಾಸ್ತ್ರಜ್ಞರಿಗೆ ಬಲಸುರುಳಿ. ಅತಿವಿರಳವಾದ ನಮ್ಮ ದಕ್ಷಿಣಾವರ್ತಶಂಖವು ಅವರಿಗೆ ಎಡಸುರುಳಿ. ಹೀಗಿರಲು ಪ್ರಿನ್ಸೆಪನ ಶಂಬೂಕವನ್ನು ವಾಮಾವರ್ತವೆಂದರೆ, ದಕ್ಷಿಣಾವರ್ತಶಂಖದ ಸುರುಳಿಯನ್ನೇ ಪಡೆದ ಜೀವಿಗೆ ವಿರುದ್ಧನಾಮವನ್ನು ಕೊಟ್ಟಂತಾಯಿತು.

ಹಾಗಾದರೆ ಹಳೆಯ ರೂಢಿಯನ್ನೇ ತಿದ್ದಬಾರದೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ತಿದ್ದಲಾಗದು. ದಕ್ಷಿಣಾವರ್ತಶಂಖದ ಬೆಲೆಯೂ ಗೌರವವೂ ಆ ಶಬ್ದದ ಮೇಲೆಯೇ ನಿಂತಿವೆ. ಶಾಸ್ತ್ರೀಯ ಹೆಸರು ಹೊಸದಾದುದರಿಂದ ಹೊಸ ಶಬ್ದವನ್ನು ತರುವುದೇ ಯುಕ್ತ. ಶಿಖರವನ್ನು ಮೇಲೆ ಮಾಡಿ ನೋಡಿದಾಗ ಎಂಬ ನಿಯಮವನ್ನು ಮೊದಲೇ ಹೇಳಿ, ‘ವಾಮಮುಖ’, ‘ದಕ್ಷಿಣಮುಖ’ವೆಂದು ವ್ಯವಹರಿಸಬಹುದು. ಭಾಲ್ಕಿ ಔರಾದಗಳ ಶಾಲಾಬಾಲಕರಿಗೆ ‘ಎಡಬಾಯಿ’, ‘ಬಲಬಾಯಿ’ ಎಂದರೂ ಸಾಕು. ಚಿಪ್ಪನ್ನು ಹಿಡಿಯುವ ಬಗೆಯನ್ನು ಮಾತ್ರ ಹೇಳದೆ ಬಿಡಬಾರದು. ಪರಿಭಾಷಾಕೋಶಗಳನ್ನು ರಚಿಸುವವರು ಇದನ್ನು ಪರಿಗಣಿಸಬೇಕೆಂದು ನಮ್ಮ ಅಭಿಪ್ರಾಯ.